ಅಮ್ಮ ಏಣಿ ಗುರುತಿಗೆ ನಿಂತ ವರ್ಷ

ಹೋದ ತಿಂಗಳು ಒಂದು ಮದುವೆಗೆಂದು ನವಲಗುಂದದ ಕಡೆ ಹೊರಟಿದ್ದೆ. ಅಣ್ಣಿಗೇರಿ ದಾಟಿ ಬಸ್ಸು ಕಾಲುವೆಯ ಸೇತುವೆ ಹತ್ತುವಾಗ ಕಿಟಕಿಯಿಂದ ಒಂದು ವಾಸನೆ ಬಂತು. ತಿಂಗಳುಗಟ್ಟಲೆ ಒಣಗಿ ಬಿರಿದ ಎರೆಮಣ್ಣಿನ ಮೇಲೆ ಮೊದಲ ನೀರು ಹರಿದಾಗ ಏಳುವ ವಾಸನೆ. ಮಳೆಯ ವಾಸನೆಗಿಂತ ಅದು ಭಾರ, ಅದರಲ್ಲಿ ಕೊಳೆತ ಹುಲ್ಲೂ ಇರುತ್ತದೆ, ಮೀನೂ ಇರುತ್ತದೆ. ಪಕ್ಕದಲ್ಲಿ ಕುಳಿತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನೂ ಸರಿಸಿದೆ. ನಾನು ಬೆಳೆದದ್ದೇ ಆ ವಾಸನೆಯಲ್ಲಿ. ಅದರ ಜೊತೆಗೆ ಒಂದು ಹಳೆಯ ಅಂಜಿಕೆಯೂ ಎದ್ದು ಕುಳಿತಿತು. ನನಗೆ ಹದಿನಾರು ವರ್ಷ ತುಂಬಿದ, ಮಂಡಲ ಪಂಚಾಯ್ತಿಗೆ ಮೊದಲ ಸಲ ಚುನಾವಣೆ ಬಂದ ವರ್ಷದ ಅಂಜಿಕೆ ಅದು.

ನಮ್ಮವರು ಆಗಿನ ಆಂಧ್ರದ ಪಾಲಮೂರು ಕಡೆಯವರು. ಅಲ್ಲಿನ ತೆಲುಗು ಮಂದಿ ಆಗ ಗುಂಪುಗುಂಪಾಗಿ ಮಣ್ಣುಕೆಲಸಕ್ಕೆ ಹೊರಡುತ್ತಿದ್ದರು. ಎಲ್ಲಿ ಅಣೆಕಟ್ಟು, ಎಲ್ಲಿ ಕಾಲುವೆ, ಅಲ್ಲಿ ಅವರು. ಮಲಪ್ರಭೆಯ ಕಾಲುವೆ ತೋಡಲು ಬಂದ ಗುಂಪಿನಲ್ಲಿ ಅಪ್ಪ ಬಾಲಯ್ಯ, ಅಮ್ಮ ನರಸಮ್ಮ, ಅಪ್ಪನ ತಂದೆ, ತಾಯಿ ಇದ್ದರು. ಅಜ್ಜಿಯನ್ನು ನಾವು ನಾಯನಮ್ಮ ಎನ್ನುತ್ತಿದ್ದೆವು. ಕಾಲುವೆ ಮುಗಿಯಿತು, ನೀರು ಬಂತು, ನೀರು ಬಂದ ಮೇಲೆ ಹೊಲಗಳಲ್ಲಿ ಕೆಲಸವೂ ಬಂತು. ಕೆಲವರು ಹಿಂತಿರುಗಿದರು, ಮೂವತ್ತು ಮನೆಯಷ್ಟು ಮಂದಿ ಉಳಿದರು. ಶಲವಡಿಯಿಂದ ಸ್ವಲ್ಪ ದೂರದಲ್ಲಿದ್ದ ಆ ಊರಿನ ಹೆಸರು ಹೇಳುವುದಿಲ್ಲ, ಅದರ ಮಂದಿ ಇನ್ನೂ ಅಲ್ಲೇ ಇದ್ದಾರೆ. ಊರಾಚೆ ಕಾಲುವೆಯ ಏರಿಯ ಬುಡದಲ್ಲಿ ಮಣ್ಣಿನ ಗೋಡೆ, ತಗಡಿನ ಮಾಡು. ಅದಕ್ಕೆ ಕ್ಯಾಂಪು ಎಂದು ಹೆಸರು. ನಮಗೆ ಕಾಲುವಿ ಮಂದಿ ಎಂದು ಹೆಸರು.

ಮನೆಯಲ್ಲಿ ನಾಯನಮ್ಮ ತೆಲುಗು ಬಿಟ್ಟರೆ ಬೇರೇನೂ ಆಡುತ್ತಿರಲಿಲ್ಲ. ಅಪ್ಪನದು ಅರ್ಧ ಅದು, ಅರ್ಧ ಇದು. ಅಮ್ಮ ಮಾತ್ರ ಹತ್ತಿ ಬಿಡಿಸುತ್ತ, ಮೆಣಸಿನಕಾಯಿ ಹರಿಯುತ್ತ ಊರಿನ ಹೆಂಗಸರಿಂದ ಅಗದಿ ಇಲ್ಲಿನ ಮಾತನ್ನೇ ಕಲಿತಿದ್ದಳು. ಸಿಟ್ಟು ಬಂದರಂತೂ ಕನ್ನಡವೇ ಬರುತ್ತಿತ್ತು.

ಅಪ್ಪ ಅದಕ್ಕೆ ಮೊದಲು ಎರಡು ಸಲ ವೋಟು ಹಾಕಿದ್ದ. ಊರಿನ ದೊಡ್ಡ ಹಿಡುವಳಿದಾರರಾದ ಶಿವನಗೌಡರ ಟ್ರ್ಯಾಕ್ಟರ್ ಬೆಳಿಗ್ಗೆ ಕ್ಯಾಂಪಿಗೆ ಬರುತ್ತಿತ್ತು. ಎಲ್ಲರೂ ಹತ್ತುತ್ತಿದ್ದರು, ಹೇಳಿದ ಗುರುತಿಗೆ ಮುದ್ರೆ ಒತ್ತಿ, ಅದೇ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋಗುತ್ತಿದ್ದರು. ಅಮ್ಮನೂ ಹಾಗೇ ಒತ್ತಿ ಬಂದಿದ್ದಳು. ನಾಯನಮ್ಮ ಮಾತ್ರ ಪಟ್ಟಿಯಲ್ಲೇ ಇರಲಿಲ್ಲ. ಹೆಸರು ಬರೆದುಕೊಳ್ಳುವವರು ಬಂದರೆಂದರೆ ಆಕೆ ಕುಡುಗೋಲು ಹಿಡಿದು ಹುಲ್ಲಿನ ನೆಪದಲ್ಲಿ ಹೊಲದ ಕಡೆ ನಡೆದುಬಿಡುತ್ತಿದ್ದಳು. ನಾನು ಹುಟ್ಟುವ ಮೊದಲು, ಬೇರೊಂದು ಅಣೆಕಟ್ಟಿನ ಕೆಲಸದಲ್ಲಿದ್ದಾಗ, ಜಾಗ ಕೊಡುತ್ತೇವೆ ಎಂದು ಹೇಳಿ ಎಲ್ಲರ ಹೆಸರು ಬರೆದುಕೊಂಡು ಹೋದರಂತೆ. ಎಂಟು ದಿನಕ್ಕೆ ಅದೇ ಪಟ್ಟಿ ಹಿಡಿದು ಪೊಲೀಸರು ಬಂದರಂತೆ. ಒಂದೊಂದೇ ಹೆಸರು ಕೂಗಿ ಒಂದೊಂದೇ ಗುಡಿಸಲು ಕೆಡವಿದರಂತೆ. ಅಂದಿನಿಂದ ನಾಯನಮ್ಮನ ಹೆಸರನ್ನು ಯಾವ ಕಾಗದವೂ ಕಂಡಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಸುದ್ದಿ ಹಬ್ಬಿತು. ಮಂಡಲ ಪಂಚಾಯ್ತಿ ಎಂಬುದು ಬರುತ್ತದೆ, ನಮ್ಮ ಕಡೆಯ ಒಂದು ಸ್ಥಾನ ಹೆಂಗಸರಿಗೆ. ಹೆಸರುಕಾಳು ಬಿಡಿಸುವ ಹೊಲದಲ್ಲಿ ಅದನ್ನು ಕೇಳಿ ಹೆಂಗಸರೆಲ್ಲ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ನೀರು. ನಮ್ಮ ಸೀಮೆಯ ಬಾವಿಗಳೆಲ್ಲ ಸವುಳು, ಉಪ್ಪು ನೀರು. ಕುಡಿಯಲು ಊರವರಿಗೆ ಕೆರೆಯ ನೀರೇ ಗತಿ. ಕಾಲುವೆ ಹರಿಯುವಷ್ಟು ದಿನ ನಾವು ಅದರ ನೀರನ್ನೇ ಸೋಸಿ ಕುಡಿಯುತ್ತಿದ್ದೆವು. ಬೇಸಿಗೆಯಲ್ಲಿ ಕಾಲುವೆ ನಿಂತರೆ ಊರಿನ ಕೆರೆಗೆ ಹೋಗಬೇಕು. ಅಲ್ಲಿ ಊರವರ ಕೊಡಗಳೆಲ್ಲ ತುಂಬುವ ತನಕ ನಾವು ಮೇಲಿನ ಮೆಟ್ಟಿಲ ಮೇಲೆ ಕಾಯಬೇಕು. ಯಾರೂ ಬೈಯುತ್ತಿರಲಿಲ್ಲ. "ನೀವ ಆಮ್ಯಾಲ ತುಂಬ್ಕೋರಿ" ಅನ್ನುತ್ತಿದ್ದರು, ಅಷ್ಟೇ. ಆ ಆಮೇಲೆ ಕೆಲವು ದಿನ ಮಧ್ಯಾಹ್ನದ ತನಕ ಬರುತ್ತಿರಲಿಲ್ಲ.

ಅಮ್ಮ ಚುನಾವಣೆಯ ಮಾತನ್ನು ಮನೆಯಲ್ಲಿ ಎತ್ತುವ ಮೊದಲೇ ಕ್ಯಾಂಪಿಗೆ ನೋಟೀಸು ಬಂತು. ತಳವಾರ ತಂದು ಕೊಟ್ಟ. ಓದಲು ಬರುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಎಲ್ಲರೂ ನಮ್ಮ ಮನೆಯ ಮುಂದೆ ಸೇರಿದರು. ಕ್ಯಾಂಪಿನ ಮಂದಿ ಬೇರೆ ರಾಜ್ಯದವರು, ಇತ್ತೀಚೆಗೆ ಬಂದವರು, ಅವರ ಊರಿನ ಪಟ್ಟಿಯಲ್ಲೂ ಅವರ ಹೆಸರಿದೆ, ಆದ್ದರಿಂದ ಇಲ್ಲಿನ ಮತದಾರರ ಪಟ್ಟಿಯಿಂದ ತೆಗೆಯಬೇಕು ಎಂದು ಯಾರೋ ತಕರಾರು ಸಲ್ಲಿಸಿದ್ದಾರೆ. ಇಂಥ ದಿನ ತಹಸೀಲ್ದಾರರ ಮುಂದೆ ಪುರಾವೆ ಸಮೇತ ಹಾಜರಾಗಬೇಕು. ಯಾರೋ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆ ಸ್ಥಾನಕ್ಕೆ ಶಿವನಗೌಡರು ತಮ್ಮ ನಾದಿನಿ ಪಾರ್ವತೆವ್ವನನ್ನು ನಿಲ್ಲಿಸುತ್ತಾರೆಂದು ಆಗಲೇ ಮಾತಾಗಿತ್ತು. ನಮ್ಮ ವೋಟುಗಳು ಅವರಿಗೇ ಬರುತ್ತಿದ್ದವು ನಿಜ. ಆದರೆ ಎದುರು ಪಾರ್ಟಿಯವರು ಒಮ್ಮೆ ಕ್ಯಾಂಪಿಗೆ ಬಂದು ಚಹಾ ಕುಡಿದು ಹೋಗಿದ್ದರು. ಗೌಡರಿಗೆ ಅಷ್ಟೇ ಸಾಕಾಯಿತು.

ಆ ನೋಟೀಸನ್ನು ನಾನು ಎಷ್ಟು ಸಲ ಓದಿದೆನೋ. ಪ್ರತಿ ಸಲ ಯಾರಾದರೊಬ್ಬರು ಬಂದು, "ಇನ್ನೊಮ್ಮಿ ಓದವಾ, ಎಬ್ಬಸ್ತೀವಿ ಅಂತ ಎಲ್ಲ್ಯರ ಬರದೈತೇನು?" ಎಂದು ಕೇಳುತ್ತಿದ್ದರು. ಎಲ್ಲೂ ಬರೆದಿರಲಿಲ್ಲ. ಆದರೂ ಓದುವಾಗ ನನ್ನ ಕಣ್ಣು ಅದನ್ನೇ ಹುಡುಕುತ್ತಿತ್ತು. ನಾಯನಮ್ಮ ಮೂಲೆಯಲ್ಲಿ ಕುಳಿತು, "ನಾನು ಹೇಳಿರಲಿಲ್ಲವಾ" ಎಂಬಂತೆ ಎಲ್ಲರ ಮುಖ ನೋಡುತ್ತಿದ್ದಳು.

ಪುರಾವೆ ಎಂದರೆ ಏನು? ಕೆಲವರ ಹತ್ತಿರ ರೇಷನ್ ಕಾರ್ಡು ಇತ್ತು, ಅದೂ ಎರಡು ಮೂರು ವರ್ಷದ್ದು. ಕಾಲುವೆ ಕೆಲಸದ ಹಾಜರಿ ಚೀಟಿಗಳನ್ನು ಗೆದ್ದಲು ತಿಂದಿತ್ತು. ಆಗ ಅಪ್ಪನಿಗೆ ನಾನು ನೆನಪಾದೆ. "ಇವಳು ಇಲ್ಲೇ ಹುಟ್ಟ್ಯಾಳ, ಇಲ್ಲೇ ಸಾಲಿ ಕಲತಾಳ. ಸಾಲ್ಯಾಗ ಬರದಿರ್ತಾರಲ್ಲ?" ನಾನು ಹುಟ್ಟಿದ್ದು ಕಾಲುವೆ ತೋಡುವಾಗ. ಅದು ಕಾಗದದಲ್ಲಿದ್ದರೆ ನಮ್ಮವರು ಹದಿನಾರು ವರ್ಷದಿಂದ ಇಲ್ಲಿದ್ದಾರೆಂದು ಸಾಬೀತಾದಂತೆ. ಎಲ್ಲರಿಗೂ ಜೀವ ಬಂತು. ಮರುದಿನವೇ ನಾನೂ ಅಪ್ಪನೂ ನಾನು ಓದಿದ ಪ್ರಾಥಮಿಕ ಶಾಲೆಗೆ ಹೋದೆವು.

ಹೆಡ್ಮಾಸ್ತರರು ಒಳ್ಳೆಯವರು. ದಾಖಲಾತಿ ರಿಜಿಸ್ಟರ್ ತೆಗೆದು ಬೆರಳಾಡಿಸುತ್ತ ನನ್ನ ಹೆಸರಿಗೆ ಬಂದು ನಿಂತರು. ಮುಂದೆ ಓದಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಹುಟ್ಟಿದ ಸ್ಥಳ ಎಂಬ ಕಾಲಮ್ಮಿನಲ್ಲಿ ಚೆಂದದ ಅಕ್ಷರದಲ್ಲಿ ಪಾಲಮೂರು ಕಡೆಯ ನಮ್ಮ ಹಳ್ಳಿಯ ಹೆಸರಿತ್ತು.

"ಬಾಲಯ್ಯ, ಇದನ್ನ ನೀನ ಬರಸಿದ್ದೇನು?" ಎಂದು ಕೇಳಿದರು.

ಅಪ್ಪ ನೆನಪಿಸಿಕೊಂಡ. ಅಂದು ಇದ್ದ ಮಾಸ್ತರರು "ನಿಮ್ಮೂರು ಯಾವುದು?" ಎಂದು ಕೇಳಿದ್ದರು. ಊರು ಯಾವುದೆಂದು ಕೇಳಿದರೆ ಯಾರಾದರೂ ಏನು ಹೇಳುತ್ತಾರೆ? ತಾತ ಮುತ್ತಾತ ಇದ್ದ ಊರನ್ನು ಹೇಳುತ್ತಾರೆ. ಅಪ್ಪನೂ ಅದನ್ನೇ ಹೇಳಿದ್ದ.

"ತಿದ್ದಾಕ ಬರಂಗಿಲ್ಲೇನ್ರಿ?"

"ಈಗ ತಿದ್ದಿದ್ರ ನನ್ನ ನೌಕರಿ ಹೋಗ್ತೈತಪಾ." ಮಾಸ್ತರರು ತಲೆ ತಗ್ಗಿಸಿದರು. "ಮತ್ತ... ಇದರ ನಕಲು ನಿನ್ನೇನ ಗೌಡರ ಮಂದಿ ಒಯ್ದಾರ."

ಮುಂದೆ ನಾನೇ ಶಾಲೆಯ ಶಿಕ್ಷಕಿಯಾದೆ, ಎಷ್ಟೋ ಮಕ್ಕಳ ಹೆಸರು ದಾಖಲು ಮಾಡಿಕೊಂಡೆ. ಒಮ್ಮೆಯೂ "ನಿಮ್ಮೂರು ಯಾವುದು" ಎಂದು ಕೇಳಿ ಆ ಕಾಲಮ್ಮು ತುಂಬಿದವಳಲ್ಲ. ಮಗು ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ, ಯಾವ ಆಸ್ಪತ್ರೆಯಲ್ಲಿ ಎಂದು ಬಿಡಿಸಿ ಕೇಳುತ್ತೇನೆ. ತಾಯಂದಿರಿಗೆ ಬೇಸರ ಬಂದರೂ ಬಿಡುವುದಿಲ್ಲ.

ವಿಚಾರಣೆಯ ದಿನದ ತನಕ ನಾನು ಸರಿಯಾಗಿ ಉಂಡ ನೆನಪಿಲ್ಲ. ನನಗೆ ವೋಟಿಲ್ಲ, ನನ್ನ ಹೆಸರು ಆ ಪಟ್ಟಿಯಲ್ಲಿಲ್ಲ, ಆದರೆ ಎಲ್ಲರ ಹೆಸರನ್ನೂ ನನ್ನ ಹೆಸರೇ ಅಳಿಸುತ್ತದೆ ಎಂಬ ಭಾವನೆ. ನಾನು ಹಾದುಹೋಗುವಾಗ ಕ್ಯಾಂಪಿನ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ಅಮ್ಮ ಹಾಗೆ ಕೂಡಲಿಲ್ಲ. ಒಂದು ಸಂಜೆ ನನ್ನನ್ನು ಕರೆದುಕೊಂಡು ಊರೊಳಗೆ ಫಕೀರವ್ವನ ಮನೆಗೆ ಹೋದಳು. ಫಕೀರವ್ವ ಊರಿನ ಸೂಲಗಿತ್ತಿ. ಊರಿನ ಅರ್ಧ ಮಂದಿ ಆಕೆಯ ಕೈಯಲ್ಲೇ ಹುಟ್ಟಿದವರು. ನನ್ನನ್ನೂ ಹಿಡಿದವಳು ಆಕೆಯೇ. ಗಂಡ ತೀರಿಹೋಗಿದ್ದ. ಒಬ್ಬನೇ ಮಗ ಶಿವನಗೌಡರ ಮನೆಯಲ್ಲಿ ವರ್ಷದ ಸಂಬಳಕ್ಕಿದ್ದ.

ಅಮ್ಮ ಎಲ್ಲ ಹೇಳಿದಳು. ಫಕೀರವ್ವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ನಾ ಬಂದ್ರ ಏನಾಗ್ತೈತಿ ಗೊತ್ತೈತಿಲ್ಲ ನರಸಿ?"

"ಗೊತ್ತೈತಿ. ಅದಕ್ಕ ಬಾ ಅಂತ ಹೇಳಾಕ ಬಂದಿಲ್ಲ ನಾನು. ಹಿಂಗ ಆಗೇತಿ ಅಂತ ಹೇಳಾಕ ಬಂದೀನಿ."

ಫಕೀರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟ ಉದ್ದ ಬೆಳದಾಳ ಖೋಡಿ" ಅಂದಳು ಅಕ್ಕರೆಯಿಂದ. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ದಸರೆಗೆ ವಾರ ಇರುವಾಗ ವಿಚಾರಣೆ. ಈ ಸಲ ಟ್ರ್ಯಾಕ್ಟರ್ ಬರಲಿಲ್ಲ. ನಸುಕಿನಲ್ಲೇ ಎದ್ದು ರೊಟ್ಟಿ ಕಟ್ಟಿಕೊಂಡು ನಡೆದೆವು. ಮುಂಗಾರು ಪೀಕು ತೆಗೆದ ಹೊಲಗಳಲ್ಲಿ ಜೋಳದ ಬಿತ್ತನೆ ನಡೆದಿತ್ತು. ಹಿಂದಿನ ದಿನದ ಮಳೆಗೆ ಎರೆಮಣ್ಣು ಕಾಲಿಗೆ ಅಂಟಿ ಒಂದೊಂದು ಚಪ್ಪಲಿಯೂ ಕಲ್ಲಿನಷ್ಟು ಭಾರವಾಗಿತ್ತು. ಕೊನೆಗೆ ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದರು. ನಾಯನಮ್ಮ ಬರುವುದು ಬೇಡವೆಂದು ಅಪ್ಪ ಹೇಳಿದ್ದ. ಹಿಂತಿರುಗಿ ನೋಡಿದರೆ ಆಕೆಯೂ ಕೋಲೂರಿಕೊಂಡು ಹಿಂದೆ ಬರುತ್ತಿದ್ದಳು. ಕಚೇರಿಯ ಹೊರಗೆ ಬೇವಿನ ಮರದಡಿ ಕುಳಿತಾಗ ನಾನು ಮಂದಿಯನ್ನು ಎಣಿಸಿದೆ. ಫಕೀರವ್ವ ಇರಲಿಲ್ಲ.

ತಹಸೀಲ್ದಾರರು ನಡುವಯಸ್ಸಿನವರು, ನೆಗಡಿಯಾಗಿತ್ತು, ಮಾತುಮಾತಿಗೂ ಮೂಗು ಒರೆಸಿಕೊಳ್ಳುತ್ತಿದ್ದರು. ಶಿವನಗೌಡರು ಕುರ್ಚಿಯಲ್ಲಿ ಕುಳಿತಿದ್ದರು. ಅವರ ಕಡೆಯವನೊಬ್ಬ ಶಾಲೆಯ ನಕಲನ್ನು ಮೇಜಿನ ಮೇಲಿಟ್ಟ.

"ನೋಡ್ರಿ ಸಾಹೇಬ್ರ, ಕಾಲುವಿ ಕಾಲದಿಂದ ಇಲ್ಲೇ ಅದೀವಿ ಅಂತಾರ. ಇವರ ಮಗಳು ಹುಟ್ಟಿದ್ದ ಆಂಧ್ರದಾಗ ಅಂತ ಅವರ ಬರಸ್ಯಾರ."

ತಹಸೀಲ್ದಾರರು ಅಪ್ಪನನ್ನು ಕೇಳಿದರು. ಅಪ್ಪ ತಾನೇ ಬರೆಸಿದ್ದು ಎಂದು ಒಪ್ಪಿಕೊಂಡ. ಯಾಕೆ ಬರೆಸಿದೆ ಎಂದು ವಿವರಿಸಲು ಹೋಗಿ ತೆಲುಗೂ ಕನ್ನಡವೂ ಕಲಸಿ ತಡವರಿಸಿದ. ಆಗ ನಾಯನಮ್ಮ ಎದ್ದಳು. ನಾವ್ಯಾರೂ ನಿರೀಕ್ಷಿಸಿರಲಿಲ್ಲ. ಕಾಲುವೆಯ ಏರಿ ಕುಸಿದು ತನ್ನ ಗಂಡ ಸತ್ತದ್ದು, ಅವನನ್ನು ಅಲ್ಲೇ ಹೂತದ್ದು, ಆ ವರ್ಷವೇ ಮೊಮ್ಮಗಳು ಹುಟ್ಟಿದ್ದು, ಎಲ್ಲವನ್ನೂ ತೆಲುಗಿನಲ್ಲಿ ಹೇಳಿದಳು. ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದೆ.

ತಹಸೀಲ್ದಾರರು ಗುಮಾಸ್ತನ ಕಡೆ ತಿರುಗಿದರು. "ಈ ಅಜ್ಜಿ ಹೆಸರು ಪಟ್ಟಿಯಲ್ಲಿ ಎಷ್ಟನೇದು?"

ಗುಮಾಸ್ತ ಹುಡುಕಿದ. ಇರಲಿಲ್ಲ.

"ರೇಷನ್ ಕಾರ್ಡಲ್ಲಿ?"

ಅದರಲ್ಲೂ ಇರಲಿಲ್ಲ.

"ಹಾಗಾದ್ರೆ ಈಕೆ ಯಾರು ಅಂತ ನಾನು ಬರ್ಕೊಳ್ಳಲಿ?" ಅವರು ಗದರಿಸಿ ಕೇಳಲಿಲ್ಲ, ನಿಜವಾಗಿಯೇ ಕೇಳಿದರು. ನಾಯನಮ್ಮನಿಗೆ ಅದನ್ನು ತೆಲುಗಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಮುಖ ನೋಡಿಯೇ ಆಕೆಗೆ ತಿಳಿಯಿತು. ಹೋಗಿ ಗೋಡೆಗೆ ಒರಗಿ ನಿಂತಳು.

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಫಕೀರವ್ವ. ಸೀರೆ ಮೊಣಕಾಲ ತನಕ ಕೆಸರು. ಜವಾನ ತಡೆದರೂ ನಿಲ್ಲದೆ ಒಳಗೆ ಬಂದಳು.

"ನನ್ನ ಹೆಸರ ಪಟ್ಟ್ಯಾಗ ಐತ್ರಿ, ನೋಡ್ಕೋರಿ," ಎಂದಳು ಮೊದಲು. ಗುಮಾಸ್ತ ನೋಡಿದ. ಇತ್ತು. "ಈ ಹುಡುಗಿ ಹೊಕ್ಕಳ ಕೊಯ್ದಾಕಿ ನಾನು. ಕಾಲುವಿ ಇನ್ನ ಬರೇ ಮಣ್ಣ ಇತ್ತು, ನೀರ ಬಂದಿರ್ಲಿಲ್ಲ."

"ಯಾವ ವರ್ಷ?"

"ವರ್ಷ ನನಗೇನ ತಿಳಿತೈತ್ರಿ ಸಾಹೇಬ್ರ? ಈಕೀನ ಹಿಡದ ಮೂರನೇ ದಿನಕ್ಕ ಗೌಡರ ಮನ್ಯಾಗಿಂದ ಕರಿ ಬಂತು. ಇವರ ಸಣ್ಣ ಮಗಾ ಹುಟ್ಟಿದ. ಅವನ ಹೊಕ್ಕಳಾನೂ ನಾನ ಕೊಯ್ದೀನಿ. ಅವನ ವಯಸ್ಸ ಗೌಡರನ್ನ ಕೇಳ್ರಿ. ಈಕೀದೂ ಅಷ್ಟ."

ತಹಸೀಲ್ದಾರರು ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಗೌಡರ ಕಡೆ ನೋಡಿದರು. ಗೌಡರ ಸಣ್ಣ ಮಗ ನನ್ನ ತರಗತಿಯಲ್ಲೇ ಓದುತ್ತಿದ್ದ. ಗೌಡರು "ಹದಿನಾರು" ಎಂದರು. ಸುಳ್ಳು ಹೇಳಲಿಲ್ಲ, ಅದನ್ನು ಅವರ ಪರವಾಗಿ ಹೇಳಲೇಬೇಕು.

ಎಲ್ಲವೂ ನಮ್ಮ ಪರವಾಗಿ ಆಗಲಿಲ್ಲ. ಒಬ್ಬೊಬ್ಬರನ್ನೇ ಕರೆದು ಕೇಳಿದಾಗ ಕೆಲವರು ಅಲ್ಲಿನ ಹಳ್ಳಿಯಲ್ಲೂ ತಮ್ಮ ಹೆಸರಿದೆಯೆಂದು ಒಪ್ಪಿಕೊಂಡರು. ಅಪ್ಪನೂ ಒಪ್ಪಿಕೊಂಡ. ಅಲ್ಲಿ ಅಣ್ಣನ ಜೊತೆ ಪಾಲಿನ ಹೊಲ ಇತ್ತು, ಅಣ್ಣ ಅಲ್ಲೂ ಅವನ ಹೆಸರು ಬರೆಸಿದ್ದ. ಹತ್ತೊಂಬತ್ತು ಹೆಸರು ಹೋದವು. ನಲವತ್ತಮೂರು ಉಳಿದವು. ಅಮ್ಮನದು ಉಳಿಯಿತು, ಅಪ್ಪನದು ಹೋಯಿತು.

ದಾರಿಯಲ್ಲಿ ಅಪ್ಪ ಸಣ್ಣ ದನಿಯಲ್ಲಿ, "ಮುಗೀತಲ್ಲ, ಇನ್ನ ಇದರ ಸುದ್ದಿ ಬ್ಯಾಡ" ಎಂದ. ಅಮ್ಮ ಆಗ ಹೇಳಿದಳು, ತಾನು ಚುನಾವಣೆಗೆ ನಿಲ್ಲುವುದಾಗಿ.

"ತಲಿ ಕೆಟ್ಟೈತೇನ?"

"ಅಷ್ಟ ಮಂದಿ ಮುಂದ ನಾ ಇಲ್ಲ್ಯಾಕಿ ಅಂತ ಬರಸ್ಕೊಂಡ ಬಂದೀನಿ. ಬರಸ್ಕೊಂಡು ಸುಮ್ನ ಕುಂದ್ರಾಕ ಇಷ್ಟ ದೂರ ಕೆಸರ ತುಳದ್ನೇನು?"

ನಾಮಪತ್ರವನ್ನು ನಾನೇ ತುಂಬಿದೆ. ಒಂದೊಂದು ಅಕ್ಷರವನ್ನೂ ಮೊದಲು ಪಾಟಿಯ ಮೇಲೆ ಬರೆದು ನೋಡಿ ಆಮೇಲೆ ಕಾಗದಕ್ಕಿಳಿಸಿದೆ. ಸೂಚಕರ ಜಾಗದಲ್ಲಿ ಫಕೀರವ್ವ ಹೆಬ್ಬೆಟ್ಟು ಒತ್ತಿದಳು. ಆಗ ಕಳೆದುಕೊಳ್ಳಲು ಆಕೆಗೆ ಏನೂ ಉಳಿದಿರಲಿಲ್ಲ. ವಿಚಾರಣೆಯ ಮರುದಿನವೇ ಗೌಡರು ಅವಳ ಮಗನಿಗೆ ಬೇರೆ ಕಡೆ ನೋಡಿಕೋ ಎಂದಿದ್ದರು. ಅವನು ಹುಬ್ಬಳ್ಳಿಗೆ ಹೋಗಿ ಮೂಟೆ ಹೊರುವ ಕೆಲಸ ಹಿಡಿದಿದ್ದ. ನಮಗಾಗಿ ಮಾತಾಡಿದ್ದಕ್ಕೆ ಬೆಲೆ ತೆತ್ತವರು ನಮ್ಮವರಲ್ಲ.

ನಾಮಪತ್ರ ವಾಪಸು ಪಡೆಯಲು ಎರಡು ದಿನ ಇರುವಾಗ ಶಿವನಗೌಡರೇ ಕ್ಯಾಂಪಿಗೆ ಬಂದರು. ಅವರು ಕ್ಯಾಂಪಿನೊಳಗೆ ಕಾಲಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಪ್ಪ ಓಡಿಹೋಗಿ ಹೊರಸು ಹಾಕಿದ. ಗೌಡರು ಕೂಡಲಿಲ್ಲ.

"ನರಸಮ್ಮ, ನಿನಗ ಬೇಕಾದ್ದ ನೀರ ಹೌದಲ್ಲ? ನಳ ನಾ ಹಾಕಸ್ತೀನಿ. ಫಾರ್ಮ್ ತೆಗಿ. ಮನ್ಯಾಗಿನ ಹೆಣ್ಮಗಳ ಹೆಸರು, ಎದರಾಬದರಾ ಆಗೂದ ಬ್ಯಾಡ."

ಸುತ್ತ ನಿಂತವರ ಮುಖಗಳೆಲ್ಲ ಅಮ್ಮನ ಕಡೆ ತಿರುಗಿದವು. ಎಲ್ಲರಿಗೂ ಅವಳು ಹೂಂ ಅನ್ನಬೇಕಿತ್ತು. ನನಗೂ ಬೇಕಿತ್ತು, ಸುಳ್ಳು ಯಾಕೆ ಹೇಳಲಿ? ನಳ ಬಂದರೆ ಸಾಕು, ಈ ಅಂಜಿಕೆ ಮುಗಿದರೆ ಸಾಕು ಎನಿಸಿತ್ತು.

"ನೀವು ಹಾಕಸ್ತೀರಿ ಗೌಡ್ರ, ನಂಬಕಿ ಐತಿ," ಅಂದಳು ಅಮ್ಮ. "ನಾಳೆ ನಿಮ್ಮ ಮನಸ್ಸು ಕೆಟ್ಟ ದಿನ ಬಂದ್ ಆದ್ರ, ಯಾರನ್ನ ಕೇಳ್ಲಿ ನಾನು?"

ಗೌಡರು ಬಂದ ದಾರಿಯಲ್ಲೇ ಹೊರಟುಹೋದರು. ಅಂದು ಮನೆಯಲ್ಲಿ ಅಪ್ಪನಿಗೂ ಅಮ್ಮನಿಗೂ ಆದ ಜಗಳವನ್ನು ಬರೆಯಲಾರೆ. ಅಪ್ಪ ಕೆಟ್ಟವನಲ್ಲ. ಮೂರು ರಾಜ್ಯಗಳ ಮಣ್ಣು ಹೊತ್ತವನು, ಎಲ್ಲಿಯೂ ತಲೆ ಎತ್ತದ್ದರಿಂದಲೇ ನಾವು ಬದುಕಿದ್ದೇವೆ ಎಂದು ನಂಬಿದ್ದವನು. "ನಿನ್ನ ಸಲುವಾಗಿ ಮೂವತ್ತು ಮನಿ ಉಪಾಸ ಬೀಳ್ತಾವು" ಅಂದ. ಅದು ಸುಳ್ಳಾಗಲಿಲ್ಲ. ಹತ್ತಿ ಒಡೆದು ಹೊಲಗಳೆಲ್ಲ ಬೆಳ್ಳಗಾದರೂ ಆ ಜನವರಿಯಲ್ಲಿ ಕ್ಯಾಂಪಿನ ಹೆಂಗಸರನ್ನು ಬಿಡಿಸಲು ಯಾರೂ ಕರೆಯಲಿಲ್ಲ. ಯಮನೂರಿನ ಕಡೆಯಿಂದ ಆಳುಗಳು ಬಂದರು. ನಮ್ಮವರು ಏರಿಯ ಮೇಲೆ ಕುಳಿತು ಅವರು ಬಿಡಿಸುವುದನ್ನು ನೋಡಿದರು. ಅಮ್ಮನಿಗೆ ಏಣಿ ಗುರುತು ಬಂದಿತ್ತು. ಅವಳ ಜೊತೆ ಪ್ರಚಾರಕ್ಕೆ ಬರುತ್ತಿದ್ದ ನಾಲ್ಕು ಹೆಂಗಸರು ಎರಡಾದರು, ಆಮೇಲೆ ನಾನೊಬ್ಬಳೇ ಉಳಿದೆ. ಶಾಲೆಯಿಂದ ಬಂದ ಮೇಲೆ ನಾವಿಬ್ಬರೂ ಊರಿನ ಓಣಿಗಳಲ್ಲಿ ಹೋಗುತ್ತಿದ್ದೆವು. ಅಮ್ಮ ಬಾಗಿಲ ಹೊರಗೇ ನಿಂತು, "ಏಣಿಗೆ ಒತ್ರೆವಾ" ಅನ್ನುತ್ತಿದ್ದಳು. ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಚ್ಚಿನವರು ನೋಡುತ್ತ ನಿಲ್ಲುತ್ತಿದ್ದರು. ಒಮ್ಮೆ ಗೌಡರ ಜೀಪು ಎದುರಾಯಿತು. ಹಿಂದಿನ ಸೀಟಿನಲ್ಲಿ ಪಾರ್ವತೆವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತಿದ್ದಳು. ಮಾತೆಲ್ಲ ಗಂಡಸರದೇ.

ಮತದಾನದ ದಿನ ಸಂಕ್ರಮಣದ ಆಸುಪಾಸು. ಕ್ಯಾಂಪಿನಿಂದ ನಲವತ್ತಮೂರು ಮಂದಿಯೂ ನಡೆದು ಹೋದರು. ಅವರಲ್ಲಿ ಎಷ್ಟು ಮಂದಿ ಅಮ್ಮನಿಗೆ ಒತ್ತುತ್ತಾರೆಂದು ನಮಗೆ ನಂಬಿಕೆ ಇರಲಿಲ್ಲ. ಅಪ್ಪ ವೋಟು ಹಾಕುವ ಶಾಲೆಯ ಕಟ್ಟೆಯಾಚೆ ನಿಂತಿದ್ದ. ಎರಡು ಸಲ ಹೇಳಿದವರಿಗೆ ಒತ್ತಿದ್ದವನಿಗೆ ಈಗ ಹೆಂಡತಿಗೆ ಒತ್ತಲು ಹೆಸರಿರಲಿಲ್ಲ. ಅಮ್ಮ ಹೊರಬಂದಾಗ ಅವನು ಹತ್ತಿರ ಹೋಗಿ, ಶಾಯಿ ಹಚ್ಚಿದ ಅವಳ ಬೆರಳನ್ನು ಹಿಡಿದು ನೋಡಿದ. ಜಗಳದ ನಂತರ ಅವರಿಬ್ಬರೂ ಅಷ್ಟು ಹತ್ತಿರ ನಿಂತದ್ದು ಅಂದೇ. ಮನೆಗೆ ಬಂದರೆ ನಾಯನಮ್ಮ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ದಳು. "ಎಂಟು ದಿನ ಹೀಗೇ ಇರಲಿ" ಅಂದಳು. ಎಂಟು ದಿನ ನಾವು ಒಂದು ಬೋಗುಣಿ, ಒಂದು ತಟ್ಟೆಯಲ್ಲಿ ಕಳೆದೆವು.

ಎಣಿಕೆಗೆ ಅಪ್ಪ ಹೋದ. ಅಮ್ಮ ಹೋಗಲಿಲ್ಲ, ಏರಿಯ ಮೇಲೆ ಕುಳಿತು ಒಲೆಗೆಂದು ಜಾಲಿಯ ಮುಳ್ಳು ಆರಿಸುತ್ತಿದ್ದಳು. ಅಪ್ಪ ದೂರದಿಂದ ನಡೆದುಬರುವ ರೀತಿಗೇ ಸೋತದ್ದು ತಿಳಿಯಿತು. ಆದರೆ ಹತ್ತಿರ ಬಂದಾಗ ಅವನ ಮುಖದಲ್ಲಿ ಬೇರೇನೋ ಇತ್ತು.

"ಎಷ್ಟು?" ಎಂದಳು ಅಮ್ಮ.

"ಅರವತ್ತೆಂಟು."

ಅಮ್ಮ ಮುಳ್ಳು ಆರಿಸುವುದನ್ನು ನಿಲ್ಲಿಸಿದಳು. "ನಮ್ಮವು ಎಲ್ಲಾ ಬಿದ್ರೂ ನಲವತ್ತಮೂರು."

"ಹೌದು."

"ಮತ್ತ ಉಳದವ್ರು ಯಾರು?"

ಅಪ್ಪನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಪಾರ್ವತೆವ್ವನಿಗೆ ನೂರಕ್ಕೂ ಹೆಚ್ಚು ಬಂದಿದ್ದವು, ಹಲಗೆ ಬಾರಿಸಿ ಗುಲಾಲು ಹಾರಿಸಿದ್ದರು. ಆದರೆ ಊರೊಳಗಿನ ಕಡಿಮೆಯೆಂದರೂ ಇಪ್ಪತ್ತೈದು ಮಂದಿ ಏಣಿಗೆ ಒತ್ತಿದ್ದರು. ಫಕೀರವ್ವ ಒಬ್ಬಳು. ಉಳಿದ ಇಪ್ಪತ್ನಾಲ್ಕು ಯಾರು? ಕಾಲುವೆ ನಿಂತ ಮೇಲೆ ಅಮ್ಮ ಕೆರೆಗೆ ಹೋದಾಗ ತಲೆ ತಗ್ಗಿಸಿ ಕೂಡುವುದನ್ನು ಬಿಟ್ಟಳು. ಕೊಡ ಹಿಡಿದು ಬರುವ ಒಬ್ಬೊಬ್ಬರ ಮುಖವನ್ನೂ ನೇರ ನೋಡುತ್ತಿದ್ದಳು, ಈಕೆ ಇರಬಹುದೇ, ಆಕೆ ಇರಬಹುದೇ ಎಂದು. ಅವರೂ ಅವಳನ್ನು ನೋಡುತ್ತಿದ್ದರು. ಆ ಬೇಸಿಗೆಯಲ್ಲಿ "ನೀವ ಆಮ್ಯಾಲ" ಎಂಬ ಮಾತು ಮೊದಲಿನಷ್ಟು ಕೇಳಲಿಲ್ಲ. ಮುಂದಿನ ವರ್ಷ ಕ್ಯಾಂಪಿಗೆ ನಳವೂ ಬಂತು. ಹಾಕಿಸಿದವರು ಗೆದ್ದವರೇ. ಇಪ್ಪತ್ತೈದು ಮುಂದೆ ಐವತ್ತಾದೀತೆಂದು ಅವರಿಗೂ ಲೆಕ್ಕ ಗೊತ್ತಿತ್ತು. ಪಟ್ಟಿ ಮತ್ತೆ ಪರಿಷ್ಕರಣೆಗೆ ಬಂದಾಗ ನಾಯನಮ್ಮ ಹೊಲಕ್ಕೆ ಹೋಗಲಿಲ್ಲ. ಹೆಸರು ಬರೆಸಿದಳು. ಬರೆದುಕೊಂಡವನ ಹಿಂದೆಯೇ ಸೇತುವೆಯ ತನಕ ನಡೆದು, ಅವನು ಯಾವ ಕಡೆ ಹೋಗುತ್ತಾನೆಂದು ನೋಡಿ ಬಂದಳು. ಅಂಜಿಕೆ ಒಂದೇ ಸಲಕ್ಕೆ ಹೋಗುವುದಿಲ್ಲ.

ವರ್ಷಗಳು ಕಳೆದಂತೆ ಒಂದು ತಮಾಷೆ ಶುರುವಾಯಿತು. ಗಿರಣಿಯಲ್ಲಿ ಹಿಟ್ಟಿಗೆ ನಿಂತಾಗ, ಬಸ್ಸಿಗೆ ಕಾಯುವಾಗ, ಯಾರೋ ಅಮ್ಮನ ಪಕ್ಕಕ್ಕೆ ಬಂದು ಮೆಲ್ಲಗೆ, "ನರಸಮ್ಮ, ಅವತ್ತ ನಾನೂ ನಿನಗ ಒತ್ತಿದ್ನವಾ" ಅನ್ನುತ್ತಿದ್ದರು. ಅಮ್ಮ ಪ್ರತಿಯೊಬ್ಬರಿಗೂ, "ನನಗ ಗೊತ್ತಿತ್ರಿ" ಅನ್ನುತ್ತಿದ್ದಳು. ನಾನು ಎಣಿಸುತ್ತ ಹೋದೆ. ಇಪ್ಪತ್ತೈದು ದಾಟಿತು, ಐವತ್ತು ದಾಟಿತು.

"ಇವರೆಲ್ಲ ಖರೇನ ಒತ್ತಿದ್ರ ನೀ ಗೆದ್ದಿರ್ತಿದ್ದಿ. ಸುಳ್ಳ ಹೇಳ್ತಾರ," ಎಂದೆ ಒಮ್ಮೆ.

"ಹೇಳ್ಲಿ ಬಿಡು. ಒತ್ತಿದ್ನಿ ಅಂತ ಹೇಳಾಕ ಈಗ ಅಂಜಿಕಿ ಇಲ್ಲಲ್ಲ ಅವರಿಗೆ," ಎಂದಳು.

ಅಮ್ಮ ಕಾಯಿಲೆ ಬಿದ್ದ ವರ್ಷ ಪಾರ್ವತೆವ್ವ ನೋಡಲು ಬಂದಳು. ತಲೆ ಪೂರ್ತಿ ನರೆತಿತ್ತು, ಜೊತೆಗೆ ಯಾರೂ ಇರಲಿಲ್ಲ. ಹೊರಸಿನ ತುದಿಯಲ್ಲಿ ಕುಳಿತು ಬಹಳ ಹೊತ್ತು ಔಷಧಿ, ಊಟ, ಮೊಮ್ಮಕ್ಕಳ ಮಾತಾಡಿದಳು. ಎದ್ದು ಹೊರಟವಳು ಬಾಗಿಲ ಹತ್ತಿರ ನಿಂತಳು.

"ನರ್ಸವ್ವ, ಅವತ್ತ ನನಗ ನಿಲ್ಲೂ ಮನಸ್ಸಿರ್ಲಿಲ್ಲ. ಬ್ಯಾಡ ಅಂದ್ರೂ ನಿಲ್ಲಿಸಿದ್ರು. ನಾ... ಏಣಿಗೆ ಒತ್ತಿದ್ನಿ."

ಅಮ್ಮ ಯಾವಾಗಲೂ ಹೇಳುವ ಮಾತನ್ನು ಹೇಳಲಿಲ್ಲ. ಕೈ ಚಾಚಿ, ಪಾರ್ವತೆವ್ವ ಹತ್ತಿರ ಬರುವ ತನಕ ಚಾಚಿಯೇ ಇದ್ದು, ಆಕೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಕೆ ಹೋದ ಮೇಲೆ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ನಿದ್ದೆ ಹೋದಳೆಂದುಕೊಂಡು ನಾನು ಹೊದಿಕೆ ಸರಿಮಾಡಲು ಬಗ್ಗಿದೆ.

"ಇದೊಂದು ಖರೆ ನೋಡು," ಎಂದಳು.